ನಾಲಿಗೆ ಕೆಳಗಿನ ಹುಣಸೆ ಬೀಜ

ಆ ಊರಿನಲ್ಲಿ ದುಡಿಯುವ ಹೆಂಗಸರ ಬಾಯಿಂದ ಒಂದು ಸದ್ದನ್ನು ಕದ್ದರು. ಕದ್ದವರು ನೀರು ಕುಡಿದರು, ಕಳೆದುಕೊಂಡವರು ನೀರು ಎತ್ತಿದರು. ನಡೆದ ಅನ್ಯಾಯ ಇಷ್ಟೇ. ಇದನ್ನು ಸುತ್ತಿ ಬಳಸಿ ಹೇಳುವಂಥದ್ದೇನೂ ಇಲ್ಲ. ಹೇಗೆ ಕದ್ದರು, ಕದಿಯುವಾಗ ಆ ಹೆಂಗಸರೇ ಹೇಗೆ ದೀಪ ಹಿಡಿದರು ಅನ್ನುವುದಷ್ಟೇ ಕಥೆ.

ಊರು ಒಂದು ಬೋಳು ಗುಡ್ಡದ ಮೇಲಿತ್ತು. ಗುಡ್ಡದ ಬುಡದಲ್ಲಿ ಬಾವಿ. ಬಾವಿಯ ಮೇಲೆ ಮನೆಯೆತ್ತರದ ರಾಟೆ. ರಾಟೆಗೆ ಸುತ್ತಿದ ಸರಪಳಿಯಲ್ಲಿ ನೂರು ಕೊಡ. ಎತ್ತು ಕಟ್ಟಿ ಎಳೆದರೂ ಆ ರಾಟೆ ತಿರುಗುತ್ತಿರಲಿಲ್ಲ. ಗಟ್ಟಿ ಆಳುಗಳು ಹೆಗಲು ಕೊಟ್ಟರೂ ತಿರುಗುತ್ತಿರಲಿಲ್ಲ. ಅದು ತಿರುಗುತ್ತಿದ್ದದ್ದು ಮನುಷ್ಯರ ಬಾಯಿಯ ಒಂದೇ ಒಂದು ಸದ್ದಿಗೆ. ನಾಲಿಗೆಯ ತುದಿ ಅಂಗುಳಕ್ಕೆ ಬಡಿದು, ಬಡಿದು, ನಡುಗುತ್ತಾ ನಿಲ್ಲುವ ರ. ಮಾತಿನ ನಡುವೆ ಬಂದು ಹೋಗುವ ರ ಸಾಲದು. ರ್ರ್ರ್ರ್ ಎಂದು ಬಿಡದೆ ಎಳೆಯಬೇಕು. ಎಳೆದಷ್ಟು ಹೊತ್ತು ರಾಟೆ ಸುತ್ತುತ್ತಿತ್ತು. ಕೀಲು ಹಾಕುವ ಮೊದಲೇ ಸದ್ದು ಕಡಿದರೆ ತುಂಬಿದ ಕೊಡಗಳೆಲ್ಲ ದಡದಡನೆ ಬಾವಿಗೆ ಬೀಳುತ್ತಿದ್ದವು.

ಬಾವಿಯ ಸುತ್ತ ಹನ್ನೆರಡು ಕಲ್ಲುಗಳಿದ್ದವು. ಕಲ್ಲಿಗೊಬ್ಬಳಂತೆ ಹನ್ನೆರಡು ಹೆಂಗಸರು ಕೂರುತ್ತಿದ್ದರು. ಅವರನ್ನು ನಾಲಿಗೆಯವರು ಎನ್ನುತ್ತಿದ್ದರು. ಬೆಳಕು ಹರಿಯುತ್ತಲೇ ಬಿಸಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಕಲ್ಲಿನ ಮೇಲೆ ಕೂರಬೇಕು. ಮೊದಲ ಕಲ್ಲಿನವಳು ಶುರು ಮಾಡಬೇಕು. ಉಸಿರು ಮುಗಿಯುವ ಮೊದಲು ಪಕ್ಕದವಳ ಮಂಡಿ ತಟ್ಟಬೇಕು. ತಟ್ಟಿಸಿಕೊಂಡವಳು ಸದ್ದನ್ನು ಎತ್ತಿಕೊಳ್ಳಬೇಕು. ಒಬ್ಬಳ ಸದ್ದಿನೊಳಗೆ ಇನ್ನೊಬ್ಬಳ ಸದ್ದು ಪೂರ್ತಿ ಇಳಿದ ಮೇಲೆ ಮೊದಲಿನವಳು ಬಿಡಬೇಕು. ಹೀಗೆ ಮಂಡಿಯಿಂದ ಮಂಡಿಗೆ, ಬಾಯಿಂದ ಬಾಯಿಗೆ, ಹೊತ್ತು ನೆತ್ತಿಗೆ ಬರುವವರೆಗೆ ಒಂದೇ ಸದ್ದು. ನಡುವೆ ಯಾರೂ ಮಾತಾಡಕೂಡದು.

ಆ ಊರಿನ ಕಟ್ಟಳೆ ಒಂದೇ. ರಾಟೆಗೆ ಕೊಟ್ಟ ಸದ್ದನ್ನು ಮನೆಯಲ್ಲಿ ಆಡಕೂಡದು.

ಅದು ದೀಪದ ಎಣ್ಣೆ ಇದ್ದ ಹಾಗೆ ಎಂದು ಗುಡ್ಡದ ಮೇಲಿನವರು ಹೇಳಿದ್ದರು. ಮನೆಯ ಹರಟೆಗೆ ಸುರಿದರೆ ರಾಟೆಗೆ ಉಳಿಯುವುದಿಲ್ಲ; ಒಬ್ಬಳು ಸುರಿದರೆ ಹನ್ನೆರಡು ಜನರದೂ ಬತ್ತುತ್ತದೆ; ಮನೆಯ ಗಂಡಸರು, ಮಕ್ಕಳು ಕೂಡ ಅದನ್ನು ಆಡಕೂಡದು. ಹೀಗೆ ಹೇಳಿದ ಮೇಲಿನವರು ತಾವು ಆ ಸದ್ದನ್ನು ಬಿಟ್ಟು ಎರಡು ತಲೆಮಾರಾಗಿತ್ತು. ಅದು ಒರಟು ಸದ್ದು, ಕೂಲಿಯ ಸದ್ದು, ಕಿವಿಗೆ ಒಗ್ಗುವುದಿಲ್ಲ ಅನ್ನುತ್ತಿದ್ದರು. ಅವರ ಬಾಯಲ್ಲಿ ಅದು ಬಿಸಿ ಅನ್ನದ ಮೇಲಿನ ಬೆಣ್ಣೆಯ ಹಾಗೆ ಕರಗಿ ಹೋಗಿತ್ತು. ಆ ಒರಟು ಸದ್ದಿನಿಂದ ಬಂದ ನೀರಿನಲ್ಲಿ ಮಾತ್ರ ಅವರು ದಿನಕ್ಕೆ ಎರಡು ಸಲ ಮೀಯುತ್ತಿದ್ದರು.

ಮಧ್ಯಾಹ್ನ ರಾಟೆಗೆ ಕೀಲು ಹಾಕಿದ ಮೇಲೆ ಮೇಲಿನವರ ಕಡೆಯ ಬೀಜಗಾರ ಬರುತ್ತಿದ್ದ; ಅವನ ಮಾತಿನ ರ ಕೂಡ ಅವರದರ ಹಾಗೆ ಕರಗಿದ್ದೇ. ಅವನ ಕೈಯಲ್ಲಿ ಹಿತ್ತಾಳೆ ಬಟ್ಟಲು, ಬಟ್ಟಲಿನಲ್ಲಿ ನುಣುಪಾದ ಹನ್ನೆರಡು ಹುಣಸೆ ಬೀಜ. ಒಬ್ಬೊಬ್ಬಳೂ ಬಾಯಿ ತೆರೆಯಬೇಕು, ನಾಲಿಗೆ ಎತ್ತಬೇಕು. ಅವನು ನಾಲಿಗೆಯ ಕೆಳಗೆ ಒಂದು ಬೀಜ ಇಡುತ್ತಿದ್ದ. ಬೀಜ ಕೂತ ಮೇಲೆ ಉಳಿದ ಮಾತೆಲ್ಲ ಬರುತ್ತದೆ, ಗಂಜಿ ಇಳಿಯುತ್ತದೆ, ಆ ಒಂದು ಸದ್ದು ಮಾತ್ರ ಏಳುವುದಿಲ್ಲ. ಮರುದಿನ ಬೆಳಗ್ಗೆ ಬೀಜವನ್ನು ಅದೇ ಬಟ್ಟಲಿಗೆ ಹಾಕಬೇಕು. ಬಾಯಿಂದ ತೆಗೆದಿಟ್ಟ ಬೀಜ ಒಣಗಿ ಸಿಪ್ಪೆ ಸೀಳುತ್ತದೆ. ಸೀಳಿದ ಬೀಜದವಳ ಮನೆಗೆ ನೀರಿಲ್ಲ. ಬೀಜಗಾರ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡುತ್ತಿದ್ದ.

ಹನ್ನೆರಡು ಹೆಂಗಸರು ಹನ್ನೆರಡು ಕಡೆಯಿಂದ ಕೂಲಿ ಹುಡುಕಿ ಬಂದು ಬಾವಿಯ ಪಕ್ಕದ ಕೇರಿಯಲ್ಲಿ ನೆಲೆಸಿದವರು. ಒಬ್ಬೊಬ್ಬಳದು ಒಂದೊಂದು ಭಾಷೆ. ಬೀಜ ಒಂದೇ ಆದರೂ ಅದು ಒಬ್ಬೊಬ್ಬಳಿಂದ ಕಿತ್ತುಕೊಂಡದ್ದು ಬೇರೆ ಬೇರೆ. ಒಬ್ಬಳ ಭಾಷೆಯಲ್ಲಿ ಒಡಹುಟ್ಟಿದವನನ್ನು ಕರೆಯುವ ಪದ ಹೋಯಿತು. ಒಬ್ಬಳ ಭಾಷೆಯಲ್ಲಿ ರೊಟ್ಟಿ ಹೋಯಿತು, ಅವಳು ಮಕ್ಕಳಿಗೆ "ದುಂಡಗಿನದು ತಿನ್ನು" ಅನ್ನುತ್ತಿದ್ದಳು. ಕಡಲಿನ ಕಡೆಯಿಂದ ಬಂದವಳಿಗೆ ತನ್ನ ಭಾಷೆಯಲ್ಲಿ ಕಡಲು ಅನ್ನುವುದಕ್ಕೇ ಬಾಯಿ ಬರುತ್ತಿರಲಿಲ್ಲ. ಮೊದಲ ಕಲ್ಲಿನವಳದು ನಮ್ಮದೇ ಭಾಷೆ. ಅವಳಿಂದ ಏನೇನು ಹೋಯಿತು ಎಂದು ನಾನು ಹೇಳಬೇಕಾಗಿಲ್ಲ, ನೀನೇ ಒಮ್ಮೆ ಬಾಯಲ್ಲಿ ಆಡಿ ನೋಡು. ಊರು. ಉಸಿರು. ಹೆಸರು. ಇವಳು ಬೆಳಗಿನಿಂದ ಮಧ್ಯಾಹ್ನದವರೆಗೆ ಎತ್ತುತ್ತಿದ್ದದ್ದು ನೀರು, ಮನೆಗೆ ಹೋಗಿ ಅದನ್ನು "ಬಾವೀದು" ಅನ್ನುತ್ತಿದ್ದಳು. ಬಾಗಿಲು ತಟ್ಟಿದರೆ "ಯಾವನದು?" ಅನ್ನಬೇಕು. ದೊಡ್ಡವರನ್ನು ಬಹುವಚನದಲ್ಲಿ ಕರೆಯಲು ಬೇಕಾದ ಸದ್ದೂ ಅದೇ ಆದ್ದರಿಂದ ಎಲ್ಲರನ್ನೂ "ಅವನು, ಇವನು" ಅನ್ನಬೇಕು. ಅದಕ್ಕೆ ಬೀಜಗಾರ ಛೀಮಾರಿ ಹಾಕುತ್ತಿದ್ದ. "ನಿಮ್ಮ ಕೇರಿಯವರಿಗೆ ಮರ್ಯಾದೆ ಅನ್ನುವುದೇ ಇಲ್ಲವಲ್ಲ!" ಎನ್ನುತ್ತಿದ್ದ. ಮರ್ಯಾದೆಯನ್ನು ಬಟ್ಟಲಿನಲ್ಲಿ ಇಟ್ಟುಕೊಂಡವನು ಅವನು.

ಕೇರಿಯ ಮಕ್ಕಳಿಗಂತೂ ಅದು ರಾಟೆಯ ಸದ್ದು. ಅಷ್ಟೇ. ಅದು ಮನೆಯೊಳಗೆ ಮಾತಾಗಿ, ಹೆಸರಾಗಿ ಬರಬಹುದು ಅನ್ನುವುದು ಅವಕ್ಕೆ ಗೊತ್ತಿರಲಿಲ್ಲ.

ಬಾವಿಯ ಬಳಿ ಇನ್ನೊಂದು ಜನವಿತ್ತು. ಮರಳುನಾಡಿನಿಂದ ಬಂದವರು. ಅವರ ರ ನಾಲಿಗೆಯ ತುದಿಯಲ್ಲಿ ಹುಟ್ಟುತ್ತಿರಲಿಲ್ಲ, ಗಂಟಲಿನ ಆಳದಲ್ಲಿ, ಕಿರುನಾಲಿಗೆಯ ಬುಡದಲ್ಲಿ ಗಡಗಡಿಸುತ್ತಿತ್ತು. ಅದು ರ ಅಲ್ಲವೇ ಅಲ್ಲ ಎಂದು ಮೇಲಿನವರು ತೀರ್ಮಾನ ಮಾಡಿದ್ದರು. ಅವರಿಗೆ ಕಲ್ಲು ಕೊಡಲಿಲ್ಲ, ಬೀಜವನ್ನೂ ಕೊಡಲಿಲ್ಲ. ತುಂಬಿದ ಕೊಡ ಹೊತ್ತು ಗುಡ್ಡ ಹತ್ತುವುದು ಅವರ ಪಾಲಿನ ಕೆಲಸ. ನಾಲಿಗೆಯವರು ಅವರನ್ನು ಗೊರಕೆ ಜನ ಅನ್ನುತ್ತಿದ್ದರು. ಗಂಟಲಿನ ಸದ್ದು ಬಿದ್ದರೆ ರಾಟೆ ಹಿಂದಕ್ಕೆ ಸುತ್ತಿ ಊರೇ ಮುಳುಗುತ್ತದೆ ಎಂದು ಹೆದರುತ್ತಿದ್ದರು. ಹಾಗೆ ಆಗಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಬಾಯಿ ಕಟ್ಟಿಸಿಕೊಂಡವರಿಗೆ ತಮ್ಮ ಕೆಳಗೆ ಇನ್ನೊಬ್ಬರು ಇದ್ದಾರೆ ಅನ್ನುವ ಸಮಾಧಾನ. ಇದಕ್ಕಿಂತ ಅಗ್ಗದ ಸಮಾಧಾನ ಇನ್ನೊಂದಿಲ್ಲ.

ಮೊದಲ ಕಲ್ಲಿನವಳಿಗೆ ಆಯಾಸವಾಗಿತ್ತು. ಮಲಗಿ ಎದ್ದರೆ ಹೋಗುವ ಆಯಾಸ ಅಲ್ಲ. ಇಪ್ಪತ್ತೆಂಟು ವರ್ಷ ಅದೇ ಕಲ್ಲು, ಅದೇ ಸದ್ದು. ನಾಲಿಗೆಯ ತುದಿ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಸವೆದು ದಡ್ಡುಗಟ್ಟಿತ್ತು. ಬೆಳಗ್ಗೆ ಸದ್ದು ಎಬ್ಬಿಸಲು ಮೂರು ಸಲ, ನಾಲ್ಕು ಸಲ ಉಸಿರು ಎಳೆಯಬೇಕಾಗುತ್ತಿತ್ತು. ಬೀಜಗಾರ ಅದನ್ನು ಗಮನಿಸಿದ್ದ. "ಅಮಾವಾಸ್ಯೆಗೆ ನಿನ್ನ ಮಗಳನ್ನ ಕೂರಿಸೋಣ. ಬೆಳೆದ ಮಗಳು ಕೂರದ ಮನೆಗೆ ಊರಗೋಡೆಯೊಳಗೆ ಜಾಗ ಇಲ್ಲ, ಗೊತ್ತಲ್ಲ?" ಅಂದಿದ್ದ.

ಗೊತ್ತಿತ್ತು. ಗೋಡೆಯ ಹೊರಗೆ ಬಯಲು, ಬಯಲಿನಲ್ಲಿ ಹನಿ ನೀರಿಲ್ಲ.

ಮಗಳಿಗೆ ಹದಿನೇಳು. ಮೂರು ತಿಂಗಳು ಪಾಳು ಗೋಡೆಯ ಮುಂದೆ ನಿಂತು ಸದ್ದು ಎಳೆಯುವುದನ್ನು ಕಲಿತಿದ್ದಳು. ಉದ್ದ ಉಸಿರು, ಚುರುಕು ನಾಲಿಗೆ. ಆದರೆ ಅದನ್ನು ಮಾತಿನಲ್ಲಿ ಬೆರೆಸಲು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಮಾವಾಸ್ಯೆಗೆ ಎರಡು ದಿನವಿರುವಾಗ, ಇಳಿಹೊತ್ತಿನಲ್ಲಿ, ಅವ್ವ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಾಗ ಅವಳು ಪಕ್ಕದಲ್ಲಿ ಬಂದು ಕೂತಳು.

"ಅವ್ವಾ, ನಾಡಿದ್ದು ಬೀಜದಪ್ಪ ನನ್ನ ಕೂಡಿಸ್ತಾನಲ್ಲ."

"ಹೂಂ."

"ಕೂಡಿಸುವಾಗ ಕೇಳ್ತಾನಂತೆ, ಇವಳನ್ನ ಏನಂತ ಕೂಗೋದು ಅಂತ. ನೀನು ಏನಂತ ಹೇಳ್ತೀಯ?"

"ಕೂಸು ಅಂತೀನಿ."

"ಹದಿನೇಳು ತುಂಬ್ತು ನನಗೆ! ಕಲ್ಲಿನ ಮೇಲೆ ಕೂತು ಕೂಸು ಅಂತ ಹೇಳಿಸ್ಕೊಳ್ಳಲಾ? ಕೋಳಿಗಳೂ ನಗ್ತಾವೆ."

ಅವ್ವನಿಗೆ ನಗು ಬಂತು. ಬೀಜ ಜಾರದ ಹಾಗೆ ತುಟಿ ಮುಚ್ಚಿಕೊಂಡು ನಕ್ಕಳು. ಇಪ್ಪತ್ತೆಂಟು ವರ್ಷದಿಂದ ಅವಳ ನಗುವೂ ಹಾಗೇ.

"ತೊಟ್ಟಿಲಲ್ಲಿ ಅತ್ತೆ ನನ್ನ ಕಿವೀಲಿ ಏನೋ ಅಂದಿದ್ಲಂತಲ್ಲ. ಅದೇನು?"

ನಿಜ. ಮಗು ಹುಟ್ಟಿದ ಹನ್ನೆರಡನೆಯ ದಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಲು ಬೀಜಗಾರನ ಅಪ್ಪಣೆ ಬೇಕಿತ್ತು. ಅಷ್ಟು ಹೊತ್ತು ಮಾತ್ರ ಕಟ್ಟಳೆ ಸಡಿಲ, ಒಂದೇ ಸಲ ಹೇಳಬಹುದು. ಆ ಒಂದು ಸಲದ ನಂತರ ಆ ಹೆಸರನ್ನು ಯಾರೂ ಆಡಿರಲಿಲ್ಲ.

"ನಿಮ್ಮಜ್ಜೀದು," ಅಂದಳು ಅವ್ವ. "ಅಜ್ಜೀದನ್ನೇ ನಿನಗೆ ಇಟ್ಟಿದ್ದು."

"ಅಜ್ಜೀದು ಏನು?"

ಅವ್ವ ಬಾಯಿ ತೆರೆದಳು. ಹೆಸರು ಎದೆಯಿಂದ ಎದ್ದಿತು, ಗಂಟಲು ದಾಟಿತು, ಹಲ್ಲಿನ ಹಿಂದೆ ಬಂದು ನಿಂತಿತು. ಬೀಜ ಅಲ್ಲೇ ತಡೆಯಿತು. ಅವ್ವ ಬಾಯಿ ಮುಚ್ಚಿದಳು.

"ಬೀಜ ತೆಗಿ ಅವ್ವಾ. ಒಂದೇ ಸಲ ಹೇಳು, ಮತ್ತೆ ಇಟ್ಕೋ. ಅಷ್ಟಕ್ಕೆಲ್ಲ ಒಣಗಲ್ಲ."

"ಪಕ್ಕದ ಮನೆಗೆ ಕೇಳುತ್ತೆ."

"ಕೇಳಲಿ."

"ನಾಲ್ಕನೇ ಕಲ್ಲಿನವಳೂ ಒಂದೇ ಸಲ ಅಂದಿದ್ದು. ಆಮೇಲೆ ಏನಾಯ್ತು, ನೋಡಿದ್ಯಲ್ಲ."

ನಾಲ್ಕನೆಯವಳ ಮಗನಿಗೆ ಹೋದ ವರ್ಷ ಜ್ವರ ಬಂದು ಕಣ್ಣು ಮೇಲಾಗಿತ್ತು. ಅವಳು ಬೀಜ ಉಗುಳಿ ಅವನ ಹೆಸರು ಹಿಡಿದು ಕೂಗಿದ್ದಳು. ಮಗ ಕಣ್ಣು ಬಿಟ್ಟ. ಮೂರು ದಿನ ಅವನ ಪಕ್ಕದಲ್ಲಿ ನಿದ್ದೆಗೆಟ್ಟು ಕೂತವಳು ನಾಲ್ಕನೆಯ ದಿನ ಕಲ್ಲಿಗೆ ಬಂದಳು. ನಡು ಹೊತ್ತಿನಲ್ಲಿ ಅವಳ ಸದ್ದು ಕಡಿಯಿತು, ನೂರು ಕೊಡ ಬಾವಿಗೆ ಬಿದ್ದವು. ಆಗ ಗುಡ್ಡದ ಮೆಟ್ಟಿಲ ಮೇಲಿದ್ದ ಗಂಟಲಿನ ಹೆಂಗಸೊಬ್ಬಳು ಕೊಡ ಇಳಿಸಿ, "ನಾನು ಹಿಡಿಯಲಾ?" ಎಂದು ಓಡಿ ಬಂದಿದ್ದಳು. ಅವಳ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದವಳು ಮೊದಲ ಕಲ್ಲಿನವಳೇ. ನಾಲ್ಕನೆಯವಳು ಮನೆಯಲ್ಲಿ ಸದ್ದು ಸುರಿದದ್ದನ್ನು ಬೀಜಗಾರನಿಗೆ ಕೈಸನ್ನೆ ಮಾಡಿ ತೋರಿಸಿದವಳೂ ಇವಳೇ. ಹನ್ನೆರಡು ಮನೆಯ ನೀರು ಉಳಿಸಿದೆ ಅಂದುಕೊಂಡಿದ್ದಳು. ನಾಲ್ಕನೆಯವಳು ಮಗನನ್ನು ಎತ್ತಿಕೊಂಡು ಗೋಡೆಯ ಹೊರಗೆ ಹೋದಳು. ತಿರುಗಿ ನೋಡಲಿಲ್ಲ. ಕಟ್ಟಳೆ ನಿಜ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಕೇರಿಯವರೆಲ್ಲ ತಲೆಯಾಡಿಸಿದರು. ಮೂರು ದಿನ ನಿದ್ದೆ ಇಲ್ಲದ ಹೆಂಗಸು ಎಂದು ಒಬ್ಬರೂ ಅನ್ನಲಿಲ್ಲ.

"ನನ್ನಲ್ಲಿ ಈಗಲೇ ಕಮ್ಮಿ ಆಗ್ತಿದೆ ಕೂಸೇ," ಅಂದಳು ಅವ್ವ. "ಇದ್ದದ್ದನ್ನ ನಿನ್ನ ಕೂಗೋದಕ್ಕೆ ಖಾಲಿ ಮಾಡಿದೆ ಅಂದ್ಕೋ. ಗಾಲಿ ನಿಲ್ಲುತ್ತೆ."

"ಹಂಗಿದ್ಮೇಲೆ ನಾನೂ ಹಿಂಗೇ ಅಲ್ವಾ? ನನ್ನ ಮಗಳನ್ನೂ ಕೂಸೇ ಕೂಸೇ ಅಂತ ಕೂಗ್ತಾ ಸಾಯೋದು. ಅವಳೂ ಹಂಗೇ." ಮಗಳು ಎದ್ದು ನಿಂತಳು. "ಕೇಳವ್ವಾ. ಅದನ್ನ ಹೇಳು, ಕೂಡ್ತೀನಿ. ಹೇಳಲಿಲ್ವೋ, ಕೂಡಲ್ಲ. ಬಯಲಲ್ಲೇ ಸಾಯೋಣ."

ಅವ್ವನಿಗೆ ಕೋಪ ಬರಬೇಕಿತ್ತು. ಆಯಾಸ ಮಾತ್ರ ಬಂತು. ಕತ್ತಲಾಗುವವರೆಗೂ ಅವಳು ಅಲ್ಲೇ, ಚಾಚಿದ ಕಾಲನ್ನೂ ಮಡಚದೆ ಕೂತಿದ್ದಳು.

ಅಮಾವಾಸ್ಯೆಯ ಬೆಳಗ್ಗೆ ಹನ್ನೊಂದು ಹೆಂಗಸರು ಬಾವಿಯ ಕಡೆ ನಡೆದರು. ನಾಲ್ಕನೆಯ ಕಲ್ಲು ಇನ್ನೂ ಖಾಲಿ ಇತ್ತು. ಮಗಳು ಹಿಂದೆ ಬಂದಳು, ಹೊಸ ಸೀರೆ ಉಟ್ಟು, ಮುಖ ಗಂಟು ಹಾಕಿಕೊಂಡು. ಎರಡನೆಯ ಕಲ್ಲಿನವಳು ನಗಿಸುವ ಜಾತಿ. ಬೀಜ ಬಟ್ಟಲಿಗೆ ಹಾಕುವ ಸರದಿಯಲ್ಲಿ ನಿಂತು ಪಿಸುಗುಟ್ಟಿದಳು.

"ಅಕ್ಕಾ, ನಿನ್ನೆ ಬೀಜದಪ್ಪ ನಂದನ್ನ ಮೂಗಿಗೆ ಹಚ್ಚಿ ಮೂಸಿದ್ದೇ ಮೂಸಿದ್ದು. ಹೆಂಡ್ತೀನ ಇಷ್ಟು ಮೂಸಿದ್ದನೋ ಇಲ್ವೋ."

"ಸುಮ್ನೆ ನಡಿ," ಅಂದಳು ಮೊದಲ ಕಲ್ಲಿನವಳು.

ಹನ್ನೊಂದು ಬೀಜಗಳು ಬಟ್ಟಲಿನಲ್ಲಿ ಟಣ್ ಟಣ್ ಎಂದು ಬಿದ್ದವು. ಬೀಜಗಾರ ಕೀಲು ತೆಗೆದ. "ಮೊದಲು ನೀರು ಮೇಲೆ ಹೋಗಲಿ. ಮೇಲಿನವರ ಸ್ನಾನದ ಹೊತ್ತು. ಹುಡುಗಿಯನ್ನು ಆಮೇಲೆ ಕೂರಿಸೋಣ" ಅಂದ. ಗಂಟಲಿನ ಜನ ಮೆಟ್ಟಿಲ ಮೇಲೆ ಖಾಲಿ ಕೊಡಗಳೊಂದಿಗೆ ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ ಆ ಹೊರೆಯವಳೇ, ಹೋದ ವರ್ಷ ಎದೆಗೆ ಕೈ ಹಾಕಿ ತಳ್ಳಿಸಿಕೊಂಡವಳು.

ಮೊದಲ ಕಲ್ಲಿನವಳು ಉಸಿರು ಎಳೆದಳು. ನಾಲಿಗೆ ಏಳಲಿಲ್ಲ. ಮತ್ತೆ ಎಳೆದಳು. ಮತ್ತೆ. ಐದನೆಯ ಸಲಕ್ಕೆ ಸದ್ದು ಹುಟ್ಟಿತು. ರಾಟೆ ನರಳಿ ಕದಲಿತು, ಸರಪಳಿ ಬಿಗಿಯಿತು, ಬಾವಿಯ ಕತ್ತಲಿನಿಂದ ಮೊದಲ ಕೊಡಗಳು ಏಳತೊಡಗಿದವು. ಒಂದು ಸುತ್ತು ಮಂಡಿಯಿಂದ ಮಂಡಿಗೆ ಹೋಗಿ ಸದ್ದು ಮತ್ತೆ ಅವಳ ಬಳಿಗೆ ಬಂತು. ಎರಡನೆಯ ಸುತ್ತು. ಮೂರನೆಯದು. ಮೂರನೆಯ ಸುತ್ತಿನಲ್ಲಿ, ಎಲ್ಲ ಕೊಡಗಳೂ ತುಂಬಿ ಸರಪಳಿ ಅತ್ಯಂತ ಭಾರವಾಗಿದ್ದ ಹೊತ್ತಿನಲ್ಲಿ, ಅವಳ ನಾಲಿಗೆ ನಿಂತಿತು. ಉಸಿರಿತ್ತು. ನಾಲಿಗೆ ಬಾಯೊಳಗೆ ಸತ್ತ ಮೀನಿನ ಹಾಗೆ ಮಲಗಿತು. ಅವಳು ಎರಡನೆಯವಳ ಮಂಡಿ ತಟ್ಟಿದಳು. ಹೊತ್ತಿಗೆ ಮೊದಲೇ ತಟ್ಟಿದ್ದರಿಂದ ಎರಡನೆಯವಳ ಎದೆ ಖಾಲಿ ಇತ್ತು.

ರಾಟೆ ನಡುಗಿತು. ಕೊಡಗಳು ತೊನೆದವು.

ಆಗ ಮೆಟ್ಟಿಲ ಮೇಲಿಂದ ಇನ್ನೊಂದು ಸದ್ದು ಬಂತು. ನಾಲಿಗೆಯದಲ್ಲ. ಗಂಟಲಿನ ಬುಡದಿಂದ, ಒಣ ಹೊಳೆಯಲ್ಲಿ ಮೊದಲ ನೀರು ಕಲ್ಲುಗಳನ್ನು ಉರುಳಿಸಿಕೊಂಡು ಬರುವ ಹಾಗೆ. ಹೊರೆಯವಳು ಕಣ್ಣು ಮುಚ್ಚಿ, ಕತ್ತೆತ್ತಿ, ಎಳೆಯುತ್ತಿದ್ದಳು. ಹನ್ನೊಂದು ಹೆಂಗಸರು ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಈಗ ಹಿಂದಕ್ಕೆ ಸುತ್ತುತ್ತದೆ, ಈಗ ಊರು ಮುಳುಗುತ್ತದೆ.

ರಾಟೆ ಮುಂದಕ್ಕೇ ಸುತ್ತಿತು. ಯಾವಾಗಲೂ ಸುತ್ತುತ್ತಿದ್ದ ಹಾಗೇ. ಅದಕ್ಕೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ನೂರು ಕೊಡಗಳೂ ಮೇಲೆ ಬಂದು ತೊಟ್ಟಿಗೆ ಸುರಿದವು.

ಬೀಜಗಾರ ಓಡಿ ಹೋಗಿ ಕೀಲು ಜಡಿದ. "ಯಾರು ಹೇಳಿದರು ನಿನಗೆ? ಅದು ರ ಅಲ್ಲ! ಗೊರಕೆ ಅದು!"

"ಗೊರಕೆಗೆ ತಿರುಗಿತಲ್ಲ ಸ್ವಾಮಿ ರಾಟೆ," ಅಂದಳು ಎರಡನೆಯವಳು. ಅಂದು, ತನ್ನ ಬಾಯಿಂದ ಏನು ಬಂತು ಎಂದು ತಿಳಿದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಬೀಜ ಬಟ್ಟಲಿನಲ್ಲಿತ್ತು. ಕಲ್ಲಿನ ಮೇಲೆ ಕೂತಾಗ ಬಾಯಿ ಬಿಚ್ಚಿದೆ ಅನ್ನುವುದನ್ನೇ ಅವರೆಲ್ಲ ಅಷ್ಟು ವರ್ಷ ಮರೆತಿದ್ದರು.

"ಸುರಿದುಬಿಟ್ಟೆಯಲ್ಲೇ!" ಎಂದು ಬೀಜಗಾರ ಕೂಗಿದ. "ನಾಳೆಗೆ ಎಲ್ಲಿಂದ ತರುತ್ತೀಯ?"

ಹೊರೆಯವಳಿಗೆ ನಗು ತಡೆಯಲಿಲ್ಲ. "ಏನು ಸುರಿಯೋದು ಸ್ವಾಮಿ? ನಾನು ಮಾತು ಕಲಿತಾಗಿಂದ ಮನೆಯಲ್ಲಿ ಇದರಲ್ಲೇ ಮಾತಾಡ್ತಿದ್ದೀನಿ. ಮಕ್ಕಳನ್ನ ಕರೆಯೋದು ಇದರಲ್ಲೇ, ಗಂಡನಿಗೆ ಬೈಯೋದು ಇದರಲ್ಲೇ. ಖರ್ಚಾಗೋ ವಸ್ತು ಆಗಿದ್ದರೆ ನನ್ನ ಗಂಡನಿಗೆ ಬೈದು ಬೈದೇ ಎಂದೋ ತೀರಿಹೋಗಬೇಕಿತ್ತು. ಈಗ ನೋಡಿದಿರಲ್ಲ, ನೂರು ಕೊಡ."

ಮೊದಲ ಕಲ್ಲಿನವಳು ಇದನ್ನು ಕೇಳಿದಳು. ಕೇಳಿದ್ದು ಮೈಯೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸದ್ದು ಸವೆಯುವುದಿಲ್ಲ. ಸವೆಯುವುದು ನಾಲಿಗೆ. ಬೀಜ ಇಟ್ಟು ಕಾಪಾಡಿದ್ದು ಸದ್ದನ್ನಲ್ಲ. ರಾಟೆಗೆ ಕೊಟ್ಟು ಕೊಟ್ಟು ಸವೆದದ್ದು ಇವಳ ನಾಲಿಗೆ, ಉಳಿಸಿದ್ದು ಏನೂ ಇಲ್ಲ. ಹದಿನೇಳು ವರ್ಷ ಮಗಳನ್ನು ಹೆಸರು ಹಿಡಿದು ಕರೆಯದೆ ಕೂಡಿಟ್ಟದ್ದು ಎಲ್ಲೂ ಇಲ್ಲ. ನಾಲ್ಕನೆಯವಳು ಬಯಲಿಗೆ ಹೋದಳು, ತಪ್ಪೇ ಮಾಡದೆ. ಅವಳನ್ನು ಕಳಿಸಿದ ಕೈ ಇದೇ. ಅವಳು ತನ್ನ ಕೈ ನೋಡಿಕೊಂಡಳು.

ಬೀಜಗಾರನಿಗೆ ಅವಸರವಾಯಿತು. ಅವನು ಬಟ್ಟಲು ಹಿಡಿದು ಮಗಳ ಮುಂದೆ ಬಂದ. "ಮೊದಲನೆಯ ಕಲ್ಲು ಇನ್ನು ಇವಳದು. ಬಾಯಿ ತೆಗಿ ಹುಡುಗಿ. ಹೆಸರೇನು ಇವಳದು?"

ಮಗಳು ಅವ್ವನನ್ನು ನೋಡಿದಳು.

ಅವ್ವ ಎದ್ದು ನಿಂತಳು. ಬಾಯಲ್ಲಿ ಬೀಜವಿಲ್ಲ, ಮನಸ್ಸಿನಲ್ಲಿ ಭಯವಿಲ್ಲ. ಹೇಳಬೇಕು ಅನ್ನುವ ಆಸೆ ಎದೆ ತುಂಬ ಇದೆ. ಬಾಯಿ ತೆರೆದಳು.

"ಈ..." ಅಂದಳು. ನಾಲಿಗೆ ಏಳಲಿಲ್ಲ. "ಈಯ... ಈಯವ್ವ." ತಲೆ ಅಲ್ಲಾಡಿಸಿದಳು, ಅದಲ್ಲ ಅನ್ನುವ ಹಾಗೆ. ಮತ್ತೆ ಹೇಳಿದಳು. ಮತ್ತೆ ಅದೇ ತೂತು. ಇಪ್ಪತ್ತೆಂಟು ವರ್ಷ ಗುಡ್ಡದ ಮೇಲಿನ ಬಚ್ಚಲುಗಳಿಗೆ ಕೊಟ್ಟ ಸದ್ದು, ಮಗಳ ಹೆಸರಿಗೆ ಬೇಕಾದಾಗ ಒಂದು ಪೆಟ್ಟಿಗೂ ಬರಲಿಲ್ಲ. ಅವಳ ಕಣ್ಣಿಂದ ನೀರಿಳಿಯಿತು. ಅದಕ್ಕೆ ರಾಟೆ ಬೇಕಾಗಲಿಲ್ಲ.

"ಮುದುಕಿಗೆ ಹೆಸರೂ ನೆನಪಿಲ್ಲ" ಎಂದು ಬೀಜಗಾರ ನಕ್ಕ.

ಹೊರೆಯವಳು ಮೆಟ್ಟಿಲು ಇಳಿದು ಬಂದಳು. ತನ್ನನ್ನು ತಳ್ಳಿದ ಹೆಂಗಸಿನ ಮುಂದೆ ನಿಂತಳು. "ನೆನಪಿದೆ ಇವಳಿಗೆ," ಅಂದಳು. "ನಿಮ್ಮ ಕೇರಿಯವರ ಮಾತಲ್ಲಿ ಎಲ್ಲೆಲ್ಲಿ ತೂತಿದೆ ಅಂತ ನನಗೆ ಗೊತ್ತು ತಾಯಿ. ಇಷ್ಟು ವರ್ಷ ನಿಮ್ಮ ತೂತುಗಳನ್ನ ನಾನೇ ತುಂಬಿಕೊ‌ಂಡು ಕೇಳಿಸಿಕೊಂಡಿದ್ದೀನಿ. ನೀವು ನನ್ನನ್ನ ಬೈದಾಗಲೂ." ಆಮೇಲೆ ಮಗಳ ಕಡೆ ತಿರುಗಿ, ತೊಟ್ಟಿಲಿಗೆ ಬಗ್ಗಿದ ಸೋದರತ್ತೆಯ ಹಾಗೆ ಅವಳ ಕಿವಿಗೆ ಬಗ್ಗಿ, ಗಂಟಲಿನ ಬುಡದಿಂದ ಹೇಳಿದಳು.

"ಈರವ್ವ."

ಅವ್ವ ಹೌದು ಹೌದು ಎಂದು ತಲೆಯಾಡಿಸಿದಳು. ಅವಳ ತಾಯಿಯ ಹೆಸರು. ಅವಳ ಮಗಳ ಹೆಸರು. ತಾನು ಗೊರಕೆ ಎಂದು ಜರೆದಿದ್ದ ಸದ್ದಿನಲ್ಲೂ ಅದು ಅದೇ ಹೆಸರಾಗಿತ್ತು.

ಮಗಳು ಮೊದಲು ತುಟಿಯಲ್ಲೇ ಹೇಳಿಕೊಂಡಳು. ರುಚಿ ನೋಡಿದ ಹಾಗೆ. ಮೂರು ತಿಂಗಳು ಗೋಡೆಯ ಮುಂದೆ ಕಲಿತದ್ದನ್ನು ಈಗ ಮೊದಲ ಸಲ ಒಂದು ಮಾತಿನೊಳಗೆ ಇಟ್ಟಳು. "ಈರ್ರ್ರ್ರವ್ವ," ಅಂದಳು, ಉಸಿರು ಇರುವಷ್ಟೂ ಎಳೆದು. ಕೀಲು ಜಡಿದಿದ್ದ ರಾಟೆ ಅಲುಗಿತು. ಕೀಲು ಕಿರುಗುಟ್ಟಿ ಸೀಳಿತು. ರಾಟೆ ಅರ್ಧ ಸುತ್ತು ತಿರುಗಿ, ಒಂದೇ ಒಂದು ಕೊಡ ಮೇಲೆ ಬಂದು ಅವಳ ಕೈಗೆಟುಕುವಲ್ಲಿ ತೂಗಿತು.

ಅವಳು ಕೊಡ ಬಿಚ್ಚಿದಳು. ಬೀಜಗಾರನನ್ನು ದಾಟಿಕೊಂಡು ಹೋಗಿ ಅವ್ವನ ಮುಂದೆ ಕೊಡ ಬಗ್ಗಿಸಿದಳು.

"ಅವ್ವಾ, ನೀರು. ಕುಡಿ."

ಅವ್ವ ಬೊಗಸೆ ಹಿಡಿದಳು.

ಬೀಜಗಾರ ಬಟ್ಟಲು ಮುಂದೆ ಮಾಡಿದ. ಮಗಳು ಅದರೊಳಗೆ ನೋಡಿದಳು. "ಇದನ್ನ ಯಾರು ಮೇಲೆ ಕೂತು ನೀರು ಕುಡಿಯುತ್ತಾರೋ ಅವರ ಬಾಯಿಗೆ ಇಡು ಹೋಗು," ಅಂದಳು. "ನೀರು ಬೇಕಾದವರು ಇಳಿದು ಬರಲಿ. ಬಂದು ಕೂರಲಿ. ನಾನೂ ಕೂರುತ್ತೀನಿ, ನನ್ನ ಪಾಲು ಎಳೆಯುತ್ತೀನಿ. ಮನೆಗೆ ಹೋಗಿ ಬೇಕಾದ್ದು ಮಾತಾಡುತ್ತೀನಿ."

ಅಂದಿನಿಂದ ಗುಡ್ಡದ ಮೇಲಕ್ಕೆ ಯಾರೂ ಕೊಡ ಹೊರಲಿಲ್ಲ. ಮೇಲಿನವರು ಮೂರನೆಯ ದಿನ ಇಳಿದು ಬಂದರು, ಬಾಯಿ ಒಣಗಿದ ಮೇಲೆ. ಕಲ್ಲುಗಳ ಮೇಲೆ ಬಟ್ಟೆ ಹಾಸಿಕೊಂಡು ಕೂತರು. ಬಾಯಿ ತೆರೆದರೆ ಬರೀ ಗಾಳಿ ಬಂತು. ಎರಡು ತಲೆಮಾರು ಬಿಟ್ಟ ಸದ್ದು ಮೂರು ದಿನಕ್ಕೆ ಹೇಗೆ ಬಂದೀತು? ಸಂಜೆಯ ಹೊತ್ತಿಗೆ ಅವರಲ್ಲೊಬ್ಬನಿಗೆ ನಾಲಿಗೆ ಒಂದು ಸಲ ಬಡಿಯಿತು. ರಾಟೆ ಬೆರಳಿನಷ್ಟು ಕದಲಿತು. ಅವನು ಬೆವರಿದ್ದ. ಎರಡನೆಯವಳು ನೋಡಿ, "ಪರವಾಗಿಲ್ಲ ಸ್ವಾಮಿ, ಇಪ್ಪತ್ತೆಂಟು ವರ್ಷ ಮಾಡಿದರೆ ರೂಢಿಯಾಗುತ್ತೆ" ಅಂದಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಈಗ ಕಲ್ಲುಗಳ ಮೇಲೆ ತುದಿನಾಲಿಗೆಯವರೂ ಕೂರುತ್ತಾರೆ, ಗಂಟಲಿನವರೂ ಕೂರುತ್ತಾರೆ, ನಾಲಿಗೆ ಹಿಂದಕ್ಕೆ ಮಡಚುವವರೂ, ಒಂದೊಂದೇ ಪೆಟ್ಟನ್ನು ಬಿಡದೆ ಹೊಡೆಯುವವರೂ. ರಾಟೆ ಎಲ್ಲಕ್ಕೂ ತಿರುಗುತ್ತದೆ. ನಾಲ್ಕನೆಯವಳನ್ನು ಹುಡುಕಿಕೊಂಡು ಬಯಲಿಗೆ ಹೋದವರು ಬರಿಗೈಯಲ್ಲಿ ಬಂದರು. ಹೆಸರು ಹಿಡಿದು ಕೂಗಲು ಅವರಲ್ಲಿ ಯಾರಿಗೂ ಅವಳ ಹೆಸರು ಗೊತ್ತಿರಲಿಲ್ಲ. ಬೀಜಗಾರ ಈಗಲೂ ಮಧ್ಯಾಹ್ನ ಬಟ್ಟಲು ಹಿಡಿದು ಕೇರಿಗೆ ಬರುತ್ತಾನೆ. ಯಾರಿಗೂ ಒತ್ತಾಯ ಮಾಡುವುದಿಲ್ಲ. ಬಂದು ನಿಲ್ಲುತ್ತಾನೆ, ಅಷ್ಟೇ. ಹಳೆಯ ಹನ್ನೊಂದರಲ್ಲಿ ಐದು ಜನ ತಾವಾಗಿಯೇ ಬಾಯಿ ತೆರೆಯುತ್ತಾರೆ. ಬೀಜ ಇಲ್ಲದಿದ್ದರೆ ಬಾಯಿ ಖಾಲಿ ಖಾಲಿ ಅನ್ನಿಸುತ್ತದಂತೆ. ನಿದ್ದೆ ಬರುವುದಿಲ್ಲವಂತೆ.

ಮೊದಲ ಕಲ್ಲಿನವಳು ಅಂಗಳದಲ್ಲಿ ಚಾಪೆ ಹಾಕಿಕೊಂಡು ಮಲಗುತ್ತಾಳೆ. ಕೇರಿಯ ತುಂಬ ತಾಯಂದಿರು ಮಕ್ಕಳನ್ನು ಕರೆಯುವುದು ಕೇಳಿಸುತ್ತದೆ, ಹತ್ತಾರು ಭಾಷೆಯಲ್ಲಿ, ಹತ್ತಾರು ತರದ ರ. ಅವಳದು ಇನ್ನೂ ಬಂದಿಲ್ಲ. ಬರುವುದೂ ಇಲ್ಲ. "ಈಯವ್ವ" ಎಂದು ಕರೆಯುತ್ತಾಳೆ. ಮಗಳು ಎಲ್ಲಿದ್ದರೂ "ಓ" ಅನ್ನುತ್ತಾಳೆ.

ಈಗ ನೀನು. ಓದಿ ಮುಗಿಸಿ ಪುಸ್ತಕ ಮಡಚಿಡಲು ಹೊರಟ ನೀನು. ನಿನ್ನ ನಾಲಿಗೆಯನ್ನು ಎತ್ತಿ ನೋಡಿಕೋ. ಯಾವ ಮಾತು ಖರ್ಚಾದೀತೆಂದು ಹೆದರಿ ಮನೆಯಲ್ಲಿ ಆಡದೆ ಇಟ್ಟಿದ್ದೀಯ? ಯಾರ ಸದ್ದು ಸದ್ದೇ ಅಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ, ಯಾರ ಎದೆಗೆ ಕೈಯಿಟ್ಟು ತಳ್ಳಿದ್ದೀಯ? ನಾಲಿಗೆ ಪೂರ್ತಿ ಸವೆಯುವವರೆಗೆ ಕಾಯಬೇಡ. ಬೀಜ ಉಗುಳು. ತಳ್ಳಿದವಳನ್ನು ಹುಡುಕಿಕೊಂಡು ಹೋಗಿ ಅವಳ ಹೆಸರು ಕೇಳು. ಕೇಳಿ, ಆ ಹೆಸರನ್ನು ಗಟ್ಟಿಯಾಗಿ ಕರೆ. ನಾಳೆ ಬಟ್ಟಲು ಹಿಡಿದು ಬಂದವನ ಮುಂದೆ ಬಾಯಿ ತೆರೆಯಬೇಡ.